ಬೆನ್ನುಹುರಿಗೂ ನಡಿಗೆ ಗೊತ್ತು

ಮಳೆಗಾಲದಲ್ಲಿ ಅಡಿಕೆ ಮರಕ್ಕೆ ಪಾಚಿ ಕಟ್ಟುತ್ತದೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಬೇಕಾದದ್ದೂ ಅದೇ ಕಾಲದಲ್ಲಿ. ಮರ ಹತ್ತುವ ಕೊನೆಗಾರನೊಬ್ಬ ಜಾರಿ ಬಿದ್ದ ಎಂದರೆ ತೋಟದಲ್ಲಿದ್ದವರು ಓಡಿ ಬಂದು, ಒಬ್ಬರು ಕಂಕುಳಿಗೆ ಇನ್ನೊಬ್ಬರು ಮೊಣಕಾಲಿಗೆ ಕೈಹಾಕಿ ಎತ್ತಿ, ಆಟೋದ ಹಿಂದಿನ ಸೀಟಿನಲ್ಲಿ ಮಡಚಿ ಕೂರಿಸಿಕೊಂಡು ಹೊರಡುತ್ತಾರೆ. ಪ್ರೀತಿಯಿಂದಲೇ ಮಾಡುವ ಕೆಲಸ ಅದು. ಆದರೆ ಮುರಿದ ಬೆನ್ನೆಲುಬಿನ ಚೂರು ಹುರಿಗೆ ಇನ್ನಷ್ಟು ಒತ್ತಿಕೊಳ್ಳುವುದು ಎಷ್ಟೋ ಸಲ ಆ ಆಟೋದಲ್ಲೇ. ಬಾಗಿಲಿನ ಹಲಗೆಯೋ ಬೆಂಚೋ ಸಿಕ್ಕರೆ, ಮೈಯನ್ನು ತಿರುಚದೆ ಅದರ ಮೇಲೆ ಮಲಗಿಸಿಕೊಂಡು ಹೋಗುವುದು ಮೇಲು. ಆಸ್ಪತ್ರೆಯಲ್ಲಿ ದೂರು ಒಂದೇ: ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ. ಮನೆಯವರ ಮೊದಲ ಪ್ರಶ್ನೆಯೂ ಒಂದೇ: "ಮತ್ತೆ ನಡೀತಾರಾ ಡಾಕ್ಟ್ರೇ?"

ಉತ್ತರ ಎಂಆರ್‌ಐ ಚಿತ್ರದಲ್ಲಿ ಇರುತ್ತದೆ ಎಂದು ಎಲ್ಲರೂ ಅಂದುಕೊಳ್ಳುತ್ತೇವೆ. ಅದಕ್ಕಿಂತ ಹೆಚ್ಚಿನದನ್ನು ಒಂದು ಗುಂಡುಸೂಜಿ, ಒಂದು ಎಳೆ ಹತ್ತಿ ಹೇಳಬಲ್ಲವು. ವೈದ್ಯರು ಕಣ್ಣು ಮುಚ್ಚಿಕೊಳ್ಳಲು ಹೇಳಿ ಮೊದಲು ಕೆನ್ನೆಗೆ ಸೂಜಿ ತಾಗಿಸುತ್ತಾರೆ. ಕೆನ್ನೆಯಲ್ಲಿ ಸ್ಪರ್ಶ ಸರಿಯಾಗಿರುವುದರಿಂದ ಅದೇ ಅಳತೆಗೋಲು. ಆಮೇಲೆ ಎದೆ, ಹೊಟ್ಟೆ, ತೊಡೆ, ಮೊಣಕಾಲಿನ ಒಳಬದಿ, ಹಿಮ್ಮಡಿಯ ಹೊರಅಂಚು ಹೀಗೆ ಇಳಿಯುತ್ತ ಹೋಗುತ್ತಾರೆ. ಈಗ ತಾಗಿದ್ದು ಸೂಜಿಯ ಮೊನೆಯೋ ತಲೆಯೋ? ಕೆನ್ನೆಯಷ್ಟೇ ಚುರುಕೋ, ಮಂಕೋ? ಕೊನೆಗೆ ಗುದದ್ವಾರದ ಸುತ್ತಲಿನ ಚರ್ಮವನ್ನೂ ಮುಟ್ಟಿ ನೋಡುತ್ತಾರೆ. ಕಾಲು ಬಿದ್ದುಹೋಗಿದೆ ಎಂದು ಬಂದರೆ ಇವರು ಅಲ್ಲೇಕೆ ನೋಡುತ್ತಾರೆ ಎಂದು ಮನೆಯವರಿಗೆ ಮುಜುಗರ. ಆದರೆ ಆ ಜಾಗದ ನರಗಳು ಸೇರುವುದು ಹುರಿಯ ಕಟ್ಟಕಡೆಯ ತುದಿಗೆ. ಅಲ್ಲಿಂದ ಹೊರಟ ಸುದ್ದಿ ಮಿದುಳಿಗೆ ಮುಟ್ಟಿತೆಂದರೆ ಪೆಟ್ಟಾದ ಜಾಗವನ್ನು ದಾಟಿ ಯಾವುದೋ ಎಳೆ ಇನ್ನೂ ಬದುಕಿದೆ ಎಂದಾಯಿತು.

ಗಾಯವನ್ನು ಎ-ಯಿಂದ ಇ-ವರೆಗೆ ಐದು ದರ್ಜೆಗಳಲ್ಲಿ ಬರೆದಿಡುವ ಪದ್ಧತಿ ಈ ಪರೀಕ್ಷೆಯ ಮೇಲೆಯೇ ನಿಂತಿದೆ. ಎ ಎಂದರೆ ಹುರಿಯ ತುದಿಯಲ್ಲಿ ಸ್ಪರ್ಶವೂ ಇಲ್ಲ, ಚಲನೆಯೂ ಇಲ್ಲ. ಬಿ ಎಂದರೆ ಸ್ಪರ್ಶ ಮಾತ್ರ ಇದೆ. ಸಿ, ಡಿ ಎಂದರೆ ಕೆಳಗಿನ ಸ್ನಾಯುಗಳಲ್ಲಿ ಒಂದಿಷ್ಟು ಬಲ ಉಳಿದಿದೆ. ಇ ಎಂದರೆ ಎಲ್ಲ ಸರಿ. ಎ-ಯಿಂದ ಎದ್ದು ನಡೆಯುವವರು ವಿರಳ, ಡಿ-ಯಲ್ಲಿ ನಡೆಯದವರು ವಿರಳ. ಯೂರೋಪಿನ ಹಲವು ಕೇಂದ್ರಗಳ ದಾಖಲೆಗಳನ್ನು ಇಟ್ಟುಕೊಂಡು ಸಂಶೋಧಕರು 2011ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇನ್ನೂ ಸರಳವಾದ ಸೂತ್ರ ಕೊಟ್ಟರು. ಮೊಣಕಾಲು ನೆಟ್ಟಗೆ ಮಾಡುವ ಬಲ, ಪಾದವನ್ನು ಕೆಳಕ್ಕೆ ಒತ್ತುವ ಬಲ, ಮೊಣಕಾಲ ಬಳಿಯ ಸ್ಪರ್ಶ, ಹಿಮ್ಮಡಿಯ ಸ್ಪರ್ಶ, ಜೊತೆಗೆ ವಯಸ್ಸು 65 ದಾಟಿದೆಯೇ ಇಲ್ಲವೇ. ಮೊದಲ ಹದಿನೈದು ದಿನಗಳಲ್ಲಿ ಇಷ್ಟು ನೋಡಿದರೆ ವರ್ಷದ ನಂತರ ಆ ವ್ಯಕ್ತಿ ಸ್ವತಂತ್ರವಾಗಿ ನಡೆಯುತ್ತಾನೋ ಇಲ್ಲವೋ ಎಂಬುದನ್ನು ಸಾಕಷ್ಟು ಸರಿಯಾಗಿ ಅಂದಾಜು ಮಾಡಬಹುದು. ಬಿದ್ದ ಮೊದಲ ದಿನದ ತೀರ್ಪನ್ನು ಮಾತ್ರ ಯಾರೂ ಕೊನೆಯ ಮಾತೆಂದು ತೆಗೆದುಕೊಳ್ಳಬಾರದು. ಪೆಟ್ಟಿನ ಕೆಳಗಿನ ಹುರಿ ಆಘಾತಕ್ಕೆ ಸ್ತಬ್ಧವಾಗಿರುತ್ತದೆ. ಮಂಡಿಗೆ ಸುತ್ತಿಗೆಯಿಂದ ತಟ್ಟಿದರೂ ಕಾಲು ಚಿಮ್ಮುವುದಿಲ್ಲ. ಈ ಸ್ತಬ್ಧತೆ ಕಳೆಯಲು ದಿನಗಳು, ಕೆಲವೊಮ್ಮೆ ವಾರಗಳು ಬೇಕು. ಊತ ಇಳಿಯಬೇಕು. ಅದಾದ ಮೇಲೆ ಉಳಿದದ್ದೆಷ್ಟು ಎಂಬುದು ತಿಳಿಯುತ್ತದೆ.

ಸರಿ, ಒಂದಿಷ್ಟು ಎಳೆ ಉಳಿದಿದೆ. ಅಷ್ಟರಿಂದ ನಡಿಗೆ ಹೇಗೆ ಬರುತ್ತದೆ?

ನಮ್ಮ ತಲೆಯಲ್ಲಿರುವ ಚಿತ್ರ ಇದು: ಮಿದುಳು ಅಪ್ಪಣೆ ಕೊಡುತ್ತದೆ, ಬೆನ್ನುಹುರಿ ಕಂಬದಿಂದ ಮನೆಗೆ ಎಳೆದ ಕರೆಂಟಿನ ವೈರಿನಂತೆ ಅದನ್ನು ಸಾಗಿಸುತ್ತದೆ, ಕಾಲು ನಡೆಯುತ್ತದೆ. ವೈರು ಕತ್ತರಿಸಿದರೆ ದೀಪವಿಲ್ಲ. ಈ ಚಿತ್ರವನ್ನು ಮುರಿದವರು ಸ್ಕಾಟ್ಲೆಂಡಿನ ಥಾಮಸ್ ಗ್ರಹಾಂ ಬ್ರೌನ್. 1911ರಲ್ಲಿ ಅವರು ಬೆಕ್ಕುಗಳ ಬೆನ್ನುಹುರಿಯನ್ನು ಮಿದುಳಿನಿಂದ ಬೇರ್ಪಡಿಸಿದರು. ಕಾಲಿನಿಂದ ಸ್ಪರ್ಶದ ಸುದ್ದಿ ತರುವ ನರಗಳ ಬೇರುಗಳನ್ನೂ ಕತ್ತರಿಸಿದರು. ಮೇಲಿನಿಂದ ಅಪ್ಪಣೆಯಿಲ್ಲ, ಕೆಳಗಿನಿಂದ ವರದಿಯಿಲ್ಲ. ಆದರೂ ಆ ಕಾಲುಗಳ ಸ್ನಾಯುಗಳು ಒಂದು ಮಡಚಿ ಒಂದು ಚಾಚಿ ನಡಿಗೆಯ ತಾಳದಲ್ಲಿ ಸ್ವಲ್ಪ ಹೊತ್ತು ಆಡಿದವು. ಹುರಿಯ ಒಳಗೆ ನರಕೋಶಗಳ ಎರಡು ಗುಂಪುಗಳಿವೆ, ಒಂದು ಎದ್ದಾಗ ಇನ್ನೊಂದನ್ನು ಅದುಮುತ್ತದೆ, ದಣಿದಾಗ ಬಿಟ್ಟುಕೊಡುತ್ತದೆ, ತಾಳ ಹುಟ್ಟುವುದು ಹೀಗೆ ಎಂದು ಅವರು ವಾದಿಸಿದರು. ಅವರ ಕಾಲದಲ್ಲಿ ಇದಕ್ಕೆ ಹೆಚ್ಚು ಕಿವಿಗೊಟ್ಟವರಿಲ್ಲ. ಗ್ರಹಾಂ ಬ್ರೌನ್ ಕ್ರಮೇಣ ಪ್ರಯೋಗಾಲಯದಿಂದ ಪರ್ವತಗಳ ಕಡೆ ವಾಲಿದರು. 1927, 1928ರಲ್ಲಿ ಫ್ರಾಂಕ್ ಸ್ಮೈತ್ ಜೊತೆ ಮಾಂಟ್ ಬ್ಲಾಂಕಿನ ಬ್ರೆನ್ವಾ ಮುಖದಲ್ಲಿ ಅವರು ತೆರೆದ ಹೊಸ ಹಾದಿಗಳು ಪರ್ವತಾರೋಹಿಗಳಿಗೆ ಇಂದಿಗೂ ಗೊತ್ತು. ಹುರಿಯೊಳಗಿನ ಅವರ ಹಾದಿಗೆ ಮಾತ್ರ ಸ್ವೀಡನ್ನಿನ ಆಂಡರ್ಸ್ ಲುಂಡ್‌ಬರ್ಗ್ ತಂಡ 1960ರ ದಶಕದಲ್ಲಿ ಮತ್ತೆ ಕಾಲಿಡುವವರೆಗೆ ಕಾಯಬೇಕಾಯಿತು.

ಬಾಣಂತಿ ಮನೆಯಲ್ಲಿ ಇದರ ಸುಳಿವು ಸಿಗುತ್ತದೆ. ಹುಟ್ಟಿ ಕೆಲವೇ ದಿನವಾದ ಕೂಸನ್ನು ಕಂಕುಳಲ್ಲಿ ಹಿಡಿದು ನೆಟ್ಟಗೆ ಎತ್ತಿ ಪಾದವನ್ನು ನೆಲಕ್ಕೆ ತಾಗಿಸಿದರೆ ಒಂದಾದ ಮೇಲೊಂದು ಹೆಜ್ಜೆ ಎತ್ತಿಡುತ್ತದೆ. ಕುತ್ತಿಗೆಯೇ ನಿಲ್ಲದ ಕೂಸು ಅದು. ನಡೆಯಬೇಕೆಂಬ ಯೋಚನೆ ಅದಕ್ಕೆ ಎಲ್ಲಿಂದ ಬರಬೇಕು? ಎರಡು ತಿಂಗಳಾಗುವಷ್ಟರಲ್ಲಿ ಆ ಹೆಜ್ಜೆ ಮರೆಯಾಗಿ, ವರ್ಷದ ಹೊತ್ತಿಗೆ ನಿಜವಾದ ನಡಿಗೆಯಾಗಿ ಬರುತ್ತದೆ.

ಹುರಿಗೆ ನಡಿಗೆ ಗೊತ್ತಿದೆ ಎಂಬುದಕ್ಕಿಂತ ಸ್ವಾರಸ್ಯದ ಸಂಗತಿ ಆಮೇಲೆ ತಿಳಿಯಿತು: ಅದು ಕಲಿಯುತ್ತದೆ ಕೂಡ. ಲಾಸ್ ಏಂಜಲೀಸಿನಲ್ಲಿ ರೆಜಿ ಎಡ್ಜರ್ಟನ್ ಮತ್ತು ಸಂಗಡಿಗರು ಹುರಿ ತುಂಡಾದ ಬೆಕ್ಕುಗಳನ್ನು ಚಲಿಸುವ ಪಟ್ಟಿಯ ಮೇಲೆ, ಅಂದರೆ ಟ್ರೆಡ್‌ಮಿಲ್ ಮೇಲೆ, ಹಿಡಿದು ನಡೆಸಿದರು. ಕೆಲವಕ್ಕೆ ಹೆಜ್ಜೆ ಹಾಕುವುದನ್ನು ರೂಢಿ ಮಾಡಿಸಿದರು, ಕೆಲವಕ್ಕೆ ಬರೀ ನಿಲ್ಲುವುದನ್ನು. ಹೆಜ್ಜೆ ಕಲಿತವು ಹೆಜ್ಜೆ ಹಾಕಿದವು. ನಿಲ್ಲುವುದನ್ನು ಕಲಿತವು ಚೆನ್ನಾಗಿ ನಿಂತವು, ಹೆಜ್ಜೆ ಹಾಕುವುದರಲ್ಲಿ ಹಿಂದೆ ಬಿದ್ದವು. ಮಿದುಳಿನ ಸಂಪರ್ಕವೇ ಇಲ್ಲದ ನರಕೋಶಗಳ ಗೊಂಚಲು ತನಗೆ ಏನು ರೂಢಿ ಮಾಡಿಸಿದರೋ ಅದನ್ನೇ ನೆನಪಿಟ್ಟುಕೊಳ್ಳುತ್ತದೆ. ಈ ಅಧ್ಯಾಯದಲ್ಲಿ ನನಗೆ ಹೇಳಲಿಕ್ಕಿರುವುದು ಹೆಚ್ಚುಕಡಿಮೆ ಇಷ್ಟೇ. ಮುಂದಿನ ಯಂತ್ರಗಳೂ ಇಂಪ್ಲಾಂಟುಗಳೂ ಈ ಸಂಗತಿಯ ಮೇಲೆಯೇ ನಿಂತಿವೆ.

ಬೆಕ್ಕಿನಿಂದ ಮನುಷ್ಯರಿಗೆ ಈ ಪಾಠವನ್ನು ತಂದವರಲ್ಲಿ ಮಾಂಟ್ರಿಯಲ್‌ನ ಯೂಗ್ ಬಾರ್ಬೊ, ಜರ್ಮನಿಯ ಆಂಟನ್ ವೆರ್ನಿಗ್ ಮುಖ್ಯರು. ರೋಗಿಯ ಸೊಂಟಕ್ಕೆ ಪಟ್ಟಿ ಬಿಗಿದು ಮೇಲಿನಿಂದ ತೂಗುಹಾಕಿ, ಮೈಭಾರದ ಒಂದು ಪಾಲನ್ನು ಯಂತ್ರವೇ ಹೊತ್ತುಕೊಳ್ಳುವಂತೆ ಮಾಡಿ ಟ್ರೆಡ್‌ಮಿಲ್ ಮೇಲೆ ನಡೆಸುವ ಪದ್ಧತಿ ಹೀಗೆ ಬಂತು. ಎರಡೂ ಕಾಲುಗಳ ಪಕ್ಕ ಒಬ್ಬೊಬ್ಬ ಫಿಸಿಯೋಥೆರಪಿಸ್ಟ್ ತಗ್ಗು ಸ್ಟೂಲಿನ ಮೇಲೆ ಕೂತಿರುತ್ತಾರೆ. ಒಂದು ಕೈ ಮಂಡಿಯ ಕೆಳಗೆ, ಇನ್ನೊಂದು ಹಿಮ್ಮಡಿಯ ಹತ್ತಿರ. ಟ್ರೆಡ್‌ಮಿಲ್‌ನ ಪಟ್ಟಿ ಕಾಲನ್ನು ಹಿಂದಕ್ಕೆ ಒಯ್ಯುತ್ತದೆ, ತೊಡೆ ಸೊಂಟದಿಂದ ಹಿಂದೆ ಸರಿಯುತ್ತ ಸರಿಯುತ್ತ ಒಂದು ಕೋನಕ್ಕೆ ಬಂದಾಗ, ಪಾದದ ಮೇಲಿನ ಭಾರ ಕಳಚುವ ಹೊತ್ತಿಗೆ, ಕಾಲು ಮುಂದಕ್ಕೆ ಬರಬೇಕು. ಹುರಿ ಕಾಯುವುದು ಈ ಎರಡು ಸಂಜ್ಞೆಗಳಿಗೆ: ಸೊಂಟದ ಕೀಲು ಹಿಂದಕ್ಕೆ ಎಳೆದದ್ದು, ಪಾದ ಹಗುರಾದದ್ದು. ಅವಸರಪಟ್ಟು ಥೆರಪಿಸ್ಟೇ ಕಾಲನ್ನು ಎತ್ತಿ ಇಟ್ಟುಬಿಟ್ಟರೆ ಸಂಜ್ಞೆ ಹುರಿಗೆ ಮುಟ್ಟುವುದಿಲ್ಲ. ಹಾಗೆಂದೇ ಪಳಗಿದ ಕೈ ಎತ್ತುವುದಕ್ಕಿಂತ ಹೆಚ್ಚಾಗಿ ಕಾಯುತ್ತದೆ.

ಈ ಕೆಲಸ ಥೆರಪಿಸ್ಟರ ಬೆನ್ನು ಮುರಿಯುವಂಥದ್ದು. ಹಾಗಾಗಿ ಕಾಲನ್ನು ರೋಬಾಟ್ ನಡೆಸುವ ಯಂತ್ರಗಳು ಬಂದವು, ಅವುಗಳ ಜೊತೆ ದೊಡ್ಡ ಬಿಲ್ಲೂ ಬಂತು. ಅಮೆರಿಕ ಮತ್ತು ಕೆನಡಾದಲ್ಲಿ ಭಾಗಶಃ ಹುರಿಗಾಯದ 146 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ತೂಗುಹಾಕಿದ ಟ್ರೆಡ್‌ಮಿಲ್ ತರಬೇತಿ, ಇನ್ನೊಂದಕ್ಕೆ ನೆಲದ ಮೇಲೆಯೇ ಅಷ್ಟೇ ಹೊತ್ತು ನಡೆಯುವ ತರಬೇತಿ ಕೊಟ್ಟು ಬ್ರೂಸ್ ಡಾಬ್ಕಿನ್ ಮತ್ತಿತರರು ಹೋಲಿಸಿದರು. ಫಲಿತಾಂಶ 2006ರಲ್ಲಿ ಬಂತು: ವ್ಯತ್ಯಾಸವಿಲ್ಲ. ಸ್ನಾಯುವಿನಲ್ಲಿ ಒಂದಿಷ್ಟು ಬಲ ಉಳಿಸಿಕೊಂಡಿದ್ದವರಲ್ಲಿ ಬಹುಪಾಲು ಜನ ಎರಡೂ ಗುಂಪಿನಲ್ಲಿ ನಡೆದರು. ಯಂತ್ರ ಮಾರುವವರಿಗೆ ಇದು ಖುಷಿಯ ಸುದ್ದಿಯಲ್ಲ. ಜಿಲ್ಲಾಸ್ಪತ್ರೆಯ ಫಿಸಿಯೋಥೆರಪಿ ಕೋಣೆಯಲ್ಲಿ ಎರಡು ಪ್ಯಾರಲಲ್ ಬಾರ್, ಒಂದು ವಾಕರ್, ಕಾಲಿಗೆ ಕಟ್ಟುವ ಒಂದು ಜೊತೆ ಕ್ಯಾಲಿಪರ್ ಮಾತ್ರ ಇರುವ ನಮ್ಮಂಥವರಿಗೆ ಖುಷಿಯ ಸುದ್ದಿ. ದಿನಕ್ಕೆ ಎಷ್ಟು ಹೆಜ್ಜೆ, ಎಷ್ಟು ತಿಂಗಳು ಬಿಡದೆ, ಎಷ್ಟು ಭಾರ ಕಾಲಿನ ಮೇಲೆ ಬಿತ್ತು ಎಂಬುದು ಹೆಜ್ಜೆ ಹಾಕಿದ್ದು ಎಲ್ಲಿ ಎಂಬುದಕ್ಕಿಂತ ಮುಖ್ಯ.

ಭಾಗಶಃ ಗಾಯದವರ ಕಥೆ ಇದು. ಎ, ಬಿ ದರ್ಜೆಯವರಿಗೆ ಬರೀ ಅಭ್ಯಾಸ ಸಾಲುತ್ತಿರಲಿಲ್ಲ. ಅಮೆರಿಕದ ಲೂಯಿವಿಲ್‌ನಲ್ಲಿ ಸೂಸನ್ ಹರ್ಕೆಮಾ ತಂಡದ ಬಳಿ ಬಂದ ಒಬ್ಬ ಯುವ ಬೇಸ್‌ಬಾಲ್ ಆಟಗಾರ ಕಾರು ಬಡಿದು ಎದೆಯಿಂದ ಕೆಳಗೆ ಚಲನೆ ಕಳೆದುಕೊಂಡಿದ್ದ. 26 ತಿಂಗಳಲ್ಲಿ 170 ಸಲ ಟ್ರೆಡ್‌ಮಿಲ್ ತರಬೇತಿ ಕೊಟ್ಟರು, ಏನೂ ಬದಲಾಗಲಿಲ್ಲ. 2009ರಲ್ಲಿ ನೋವು ತಡೆಯಲೆಂದು ಆಗಲೇ ಬಳಕೆಯಲ್ಲಿದ್ದ ಒಂದು ವಿದ್ಯುತ್ ಸಾಧನದ 16 ಎಲೆಕ್ಟ್ರೋಡುಗಳ ಪಟ್ಟಿಯನ್ನು ಹುರಿಯ ಹೊರಪೊರೆಯ ಮೇಲೆ ಕೂರಿಸಿದರು. ಕರೆಂಟು ಹರಿಯುವಾಗ ಆತ ಎದ್ದು ನಿಂತ. ಏಳು ತಿಂಗಳ ನಂತರ, ಯಾರೂ ನಿರೀಕ್ಷಿಸದೆ ಇದ್ದದ್ದು ನಡೆಯಿತು: ಕಾಲ್ಬೆರಳು, ಪಾದ, ಮೊಣಕಾಲನ್ನು ತಾನಾಗಿಯೇ ಆಡಿಸತೊಡಗಿದ. ಸಾಧನ ಆರಿಸಿದರೆ ಆಗುತ್ತಿರಲಿಲ್ಲ. 2011ರಲ್ಲಿ ಇದು ಪ್ರಕಟವಾದಾಗ ನರವಿಜ್ಞಾನಿಗಳು ಬೆರಗಾದದ್ದು ನಿಂತದ್ದಕ್ಕಲ್ಲ, ಆಡಿಸಿದ್ದಕ್ಕೆ. ಪೂರ್ತಿ ತುಂಡಾಗಿದೆ ಎಂದು ಬರೆದಿಟ್ಟ ಚಲನೆಯ ಹಾದಿಯಲ್ಲಿ ಯಾವುದೋ ಎಳೆಗಳು ವರ್ಷಗಟ್ಟಲೆ ಸದ್ದಿಲ್ಲದೆ ಬದುಕಿದ್ದವು.

ಕರೆಂಟು ಸ್ನಾಯುವನ್ನು ನೇರವಾಗಿ ಕುಣಿಸುವುದಿಲ್ಲ. ಕಾಲಿನಿಂದ ಹುರಿಗೆ ಸುದ್ದಿ ತರುವ ದಪ್ಪ ನರತಂತುಗಳನ್ನು ಎಬ್ಬಿಸಿ, ಅವುಗಳ ಮೂಲಕ ನಡಿಗೆಯ ನರಕೋಶಗಳನ್ನು ಎಚ್ಚರದ ಅಂಚಿನಲ್ಲಿ ಇಡುತ್ತದೆ. ಆಗ ಮೇಲಿನಿಂದ ಬರುವ ಸಣ್ಣ ಅಪ್ಪಣೆಯೂ ಸಾಕಾಗುತ್ತದೆ. ಆದರೆ ಇಲಿಯಲ್ಲಿ ಸುಲಭವಾಗಿ ಫಲಿಸಿದ್ದು ಮನುಷ್ಯರಲ್ಲಿ ಏಕೆ ಇಷ್ಟು ನಿಧಾನ? ಸ್ವಿಟ್ಜರ್‌ಲೆಂಡಿನ ಲೊಸಾನ್‌ನಲ್ಲಿ ಗ್ರೆಗ್ವಾರ್ ಕೂರ್ಟಿನ್ ತಂಡ 2018ರಲ್ಲಿ ಕಾರಣ ತೋರಿಸಿತು. ಒಂದೇ ಸಮನೆ ಹರಿಸಿದ ಕರೆಂಟು ಅದೇ ನರತಂತುಗಳಲ್ಲಿ ಹಿಂದುಮುಂದಾಗಿಯೂ ಓಡಿ, ಕಾಲಿನಿಂದ ಮೇಲೆ ಬರುತ್ತಿರುವ ಸುದ್ದಿಗೆ ಡಿಕ್ಕಿ ಹೊಡೆದು ಅದನ್ನು ಅಳಿಸಿಹಾಕುತ್ತದೆ. ಮನುಷ್ಯನ ಕಾಲು ಉದ್ದ, ನರವೂ ಉದ್ದ, ಡಿಕ್ಕಿಯ ಸಂಭವವೂ ಹೆಚ್ಚು. ತನ್ನ ಕಾಲು ಎಲ್ಲಿದೆ ಎಂಬುದೇ ಹುರಿಗೆ ತಿಳಿಯದೆ ಹೋಗುತ್ತದೆ. ಅದಕ್ಕೆ ಅವರು ಕರೆಂಟನ್ನು ಹೆಜ್ಜೆಯ ತಾಳಕ್ಕೆ ಹೊಂದಿಸಿ, ಸೊಂಟ ಮಡಚುವಾಗ ಒಂದು ಜಾಗಕ್ಕೆ, ಪಾದ ಒತ್ತುವಾಗ ಇನ್ನೊಂದು ಜಾಗಕ್ಕೆ ಬಿಟ್ಟುಬಿಟ್ಟು ಕೊಟ್ಟರು. ಆ ವರ್ಷವೇ ಲೊಸಾನ್, ಲೂಯಿವಿಲ್, ಮೇಯೋ ಕ್ಲಿನಿಕ್ ಮೂರೂ ಕಡೆಯಿಂದ ಹೆಜ್ಜೆ ಹಾಕಿದವರ ವರದಿಗಳು ಬಂದವು.

ಪತ್ರಿಕೆಗಳು 'ಪವಾಡ' ಎಂದು ಬರೆದವು. ಒಳಗಿನ ವಿವರ ಓದಿದರೆ ಪವಾಡದ ಬೆಲೆ ತಿಳಿಯುತ್ತದೆ. ಲೂಯಿವಿಲ್‌ನ ನಾಲ್ವರಲ್ಲಿ ಸ್ಪರ್ಶ ಉಳಿದಿದ್ದ ಇಬ್ಬರು ಮಾತ್ರ ಟ್ರೆಡ್‌ಮಿಲ್ ಬಿಟ್ಟು ನೆಲದ ಮೇಲೆ ನಡೆದರು. ಒಬ್ಬರಿಗೆ ಅದಕ್ಕೆ 85 ವಾರಗಳಲ್ಲಿ 278 ತರಬೇತಿಗಳು ಬೇಕಾದವು. ನಾಲ್ವರಲ್ಲಿ ಒಬ್ಬರಿಗೆ ತರಬೇತಿಯ ವೇಳೆ ಸೊಂಟದ ಕೀಲಿನ ಹತ್ತಿರ ಮೂಳೆ ಮುರಿಯಿತು. ವರ್ಷಗಟ್ಟಲೆ ಭಾರ ಬೀಳದ ಮೂಳೆ ಟೊಳ್ಳಾಗಿರುತ್ತದೆ. ನಡಿಗೆಗೆ ನರ ಸಿದ್ಧವಾದರೂ ಮೂಳೆ ಸಿದ್ಧವಿರಬೇಕಲ್ಲ. ದಿನವೂ ಸ್ವಲ್ಪ ಹೊತ್ತು ಟಿಲ್ಟ್ ಟೇಬಲ್ಲಿಗೆ ಕಟ್ಟಿ ನಿಲ್ಲಿಸುವುದನ್ನು, ಪಾದ ಕೆಳಕ್ಕೆ ಬಾಗಿ ಬಿಗಿಯದಂತೆ ನೋಡಿಕೊಳ್ಳುವುದನ್ನು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಹಾಸಿಗೆ ಹುಣ್ಣು ತಪ್ಪಿಸುವುದನ್ನು ನರ್ಸುಗಳು ಮೊದಲ ದಿನದಿಂದ ಹೇಳುವುದು ಸುಮ್ಮನೆ ಅಲ್ಲ.

ಕೂರ್ಟಿನ್ ಅವರ ಇನ್ನೊಂದು ಪ್ರಯೋಗ ನನಗೆ ಇದಕ್ಕಿಂತಲೂ ಇಷ್ಟ. 2012ರಲ್ಲಿ ಇಲಿಗಳ ಹುರಿಯನ್ನು ಎರಡು ಬೇರೆ ಬೇರೆ ಎತ್ತರದಲ್ಲಿ, ಒಂದು ಕಡೆ ಎಡ ಅರ್ಧ ಇನ್ನೊಂದು ಕಡೆ ಬಲ ಅರ್ಧ, ಕತ್ತರಿಸಿದರು. ನೇರ ಹಾದಿ ಯಾವುದೂ ಉಳಿಯಲಿಲ್ಲ, ನಡುವೆ ಒಂದಿಷ್ಟು ಅಂಗಾಂಶ ಮಾತ್ರ ಉಳಿಯಿತು. ಔಷಧಿಯೂ ಕರೆಂಟೂ ಕೊಟ್ಟು ಒಂದು ಗುಂಪನ್ನು ಟ್ರೆಡ್‌ಮಿಲ್ ಮೇಲೆ ನಡೆಸಿದರು. ಅವು ಪಟ್ಟಿಯ ಮೇಲೆ ಚೆನ್ನಾಗಿಯೇ ಹೆಜ್ಜೆ ಹಾಕಿದವು, ನೆಲಕ್ಕೆ ಬಿಟ್ಟರೆ ನಿಂತಲ್ಲೇ ನಿಂತವು. ಇನ್ನೊಂದು ಗುಂಪನ್ನು ಬೀಳದಂತೆ ಹಿಡಿಯುವ ಆದರೆ ಮುಂದೆ ತಳ್ಳದ ಪಟ್ಟಿಯಲ್ಲಿ ನಿಲ್ಲಿಸಿ ಎದುರಿಗೆ ಚಾಕೊಲೇಟ್ ಇಟ್ಟರು. ಬೇಕೆಂದರೆ ತಾನೇ ಹೋಗಬೇಕು. ಕೆಲವು ವಾರಗಳಲ್ಲಿ ಈ ಇಲಿಗಳು ನಡೆದವು, ಅಡ್ಡಿಗಳನ್ನು ದಾಟಿದವು, ಮೆಟ್ಟಿಲೂ ಹತ್ತಿದವು. ಹುರಿ ಕೊಯ್ದು ನೋಡಿದಾಗ ಅವುಗಳಲ್ಲಿ ಮಾತ್ರ ಮಿದುಳಿನಿಂದ ಹೊರಟ ನರತಂತುಗಳು ಬಳಸುದಾರಿ ಹಿಡಿದು, ಉಳಿದ ಅಂಗಾಂಶದ ಮೂಲಕ ಹೊಸ ಸಂಪರ್ಕ ಕಟ್ಟಿಕೊಂಡಿದ್ದವು. ಕಾಲು ಆಡಿದರೆ ಸಾಲದು, ಆಡಿಸಬೇಕೆಂಬ ಮನಸ್ಸು ಅದೇ ಕ್ಷಣದಲ್ಲಿ ಕೂಡಬೇಕು. ಮನೆಯವರು ಟಿವಿ ನೋಡುತ್ತ ರೋಗಿಯ ಕಾಲನ್ನು ಮಡಚಿ ಬಿಡಿಸುವುದು ಕೀಲು ಬಿಗಿಯದಂತೆ ಕಾಪಾಡುತ್ತದೆ, ಅಷ್ಟು ಮಟ್ಟಿಗೆ ಒಳ್ಳೆಯದು. ನಡಿಗೆ ಬರಬೇಕಾದರೆ ರೋಗಿ ಟಿವಿಯಿಂದ ಕಣ್ಣು ಕಿತ್ತು ಆ ಕಾಲನ್ನೇ ನೋಡುತ್ತ ತಾನೂ ಎಳೆಯಬೇಕು.

2023ರಲ್ಲಿ ಇದೇ ತಂಡ, ನರಶಸ್ತ್ರಚಿಕಿತ್ಸಕಿ ಜೋಸ್ಲಿನ್ ಬ್ಲಾಕ್ ಜೊತೆ, ಮನಸ್ಸನ್ನು ನೇರವಾಗಿ ಹುರಿಗೆ ಜೋಡಿಸಿತು. ಸೈಕಲ್ ಅಪಘಾತದಲ್ಲಿ ಕುತ್ತಿಗೆಯ ಹುರಿಗೆ ಪೆಟ್ಟು ತಿಂದಿದ್ದ ನೆದರ್‌ಲೆಂಡ್ಸಿನ ಒಬ್ಬ ವ್ಯಕ್ತಿಯ ಮಿದುಳಿನ ಮೇಲೆ 64 ಎಲೆಕ್ಟ್ರೋಡುಗಳ ಎರಡು ಸಾಧನ ಕೂರಿಸಿದರು. ಸೊಂಟ ಎತ್ತಬೇಕೆಂದು ಆತ ಎಣಿಸಿದಾಗ ಏಳುವ ಅಲೆಗಳನ್ನು ಕಂಪ್ಯೂಟರ್ ಓದಿ ಹುರಿಯ ಇಂಪ್ಲಾಂಟಿಗೆ ದಾಟಿಸುತ್ತದೆ. ಆತ ಮೆಟ್ಟಿಲು ಹತ್ತಿದ. ಒಂದು ದಿನ ಮನೆಯಲ್ಲಿ ಬಣ್ಣ ಬಳಿಯುವ ಕೆಲಸವಿತ್ತು, ನೆರವಿಗೆ ಯಾರೂ ಇರಲಿಲ್ಲ. ವಾಕರ್ ಹಿಡಿದು ನಿಂತು ತಾನೇ ಬಳಿದೆ ಎಂದು ಪತ್ರಕರ್ತರಿಗೆ ಹೇಳಿದ. ತಿಂಗಳುಗಳ ಅಭ್ಯಾಸದ ನಂತರ ಸಾಧನ ಆರಿಸಿದಾಗಲೂ ಊರುಗೋಲು ಹಿಡಿದು ನಡೆಯಬಲ್ಲವನಾದ. ಚಾಕೊಲೇಟಿನ ಇಲಿಗಳ ಪಾಠ ಮನುಷ್ಯನಲ್ಲೂ ನಿಜವೆಂದು ತೋರಿಸಿದ್ದು ಇದು.

ಇದೆಲ್ಲ ನಮ್ಮ ಕೊನೆಗಾರನಿಗೆ ಒದಗುತ್ತದೆಯೇ? ಇಲ್ಲೊಂದು ಕಹಿ ಸತ್ಯವಿದೆ. ಎತ್ತರದಿಂದ ಕುಂಡೆಯ ಮೇಲೋ ಕಾಲಿನ ಮೇಲೋ ಬಿದ್ದವರಲ್ಲಿ ಹೆಚ್ಚಾಗಿ ಮುರಿಯುವುದು ಬಿಗಿಯಾದ ಎದೆಗೂಡಿನ ಬೆನ್ನು ಮುಗಿದು ಬಾಗುವ ಸೊಂಟ ಶುರುವಾಗುವ ಜಾಗ. ಹುರಿ ಬೆನ್ನೆಲುಬಿನಷ್ಟು ಉದ್ದವಿಲ್ಲ. ಸುಮಾರು 45 ಸೆಂಟಿಮೀಟರಿನ ಅದು ಸೊಂಟದ ಮೊದಲ ಎರಡು ಎಲುಬುಗಳ ಹತ್ತಿರವೇ ಮುಗಿಯುತ್ತದೆ. ನಡಿಗೆಯ ನರಕೋಶಗಳು ನೆಲೆಸಿರುವ ಉಬ್ಬು ಇರುವುದು ಅದರ ಸ್ವಲ್ಪ ಮೇಲೆ. ಹೀಗಾಗಿ ಕುತ್ತಿಗೆ, ಎದೆಯ ಮಟ್ಟದಲ್ಲಿ ಪೆಟ್ಟಾದವರಲ್ಲಿ ನಡಿಗೆಯ ಕೇಂದ್ರ ಕೆಳಗೆ ಸುರಕ್ಷಿತವಾಗಿರುತ್ತದೆ, ಇಂಪ್ಲಾಂಟಿಗೆ ಎಬ್ಬಿಸಲು ಏನಾದರೂ ಇರುತ್ತದೆ. ಮರದಿಂದ ಬಿದ್ದವರಲ್ಲಿ ಎಷ್ಟೋ ಸಲ ಆ ಕೇಂದ್ರವೇ ಜಜ್ಜಿಹೋಗಿರುತ್ತದೆ. ಅವರಿಗೆ ಅನುಕೂಲವಾದದ್ದೂ ಒಂದಿದೆ. ಆ ಜಾಗದಲ್ಲಿ ಹುರಿಯ ಜೊತೆಗೆ ಕುದುರೆ ಬಾಲದಂತೆ ಇಳಿಬಿದ್ದ ನರಗಳ ಬೇರುಗಳೂ ಇರುತ್ತವೆ, ಅವು ಹುರಿಗಿಂತ ಪೆಟ್ಟನ್ನು ತಾಳುತ್ತವೆ, ಚೇತರಿಸಿಕೊಳ್ಳುತ್ತವೆ. ತೊಡೆಯ ಮುಂಭಾಗಕ್ಕೆ ಹೋಗುವ ನರ ಉಳಿದರೆ ಮಂಡಿ ನಿಲ್ಲುತ್ತದೆ. ಮಂಡಿ ನಿಂತರೆ ಪಾದಕ್ಕೆ ಒಂದು ಹಗುರ ಕ್ಯಾಲಿಪರ್, ಕೈಗೆರಡು ಎಲ್ಬೋ ಕ್ರಚಸ್. ತೋಟದ ದಾರಿ ಅಲ್ಲದಿದ್ದರೂ ಮನೆ, ಅಂಗಳ, ಬಸ್‌ಸ್ಟ್ಯಾಂಡು ಎಟಕುತ್ತವೆ.

ಹುರಿಯ ಕಾಯಿಲೆ ಎಂದರೆ ಬಿದ್ದದ್ದೇ ಆಗಬೇಕಿಲ್ಲ. ನಮ್ಮ ದೇಶದಲ್ಲಿ ಕಾಲು ಸ್ವಾಧೀನ ತಪ್ಪಿ ಮತ್ತೆ ನಡೆದವರಲ್ಲಿ ಒಂದು ದೊಡ್ಡ ಗುಂಪು ಬೆನ್ನೆಲುಬಿನ ಕ್ಷಯದವರು. ಲಂಡನ್ನಿನ ಪರ್ಸಿವಲ್ ಪಾಟ್ 1779ರಲ್ಲಿ ಗೂನು ಬೆನ್ನು, ಬಿದ್ದ ಕಾಲು ಎರಡನ್ನೂ ಒಂದೇ ರೋಗಕ್ಕೆ ಜೋಡಿಸಿ ವಿವರಿಸಿದ. ಕೀವು, ಸವೆದ ಎಲುಬು ನಿಧಾನಕ್ಕೆ ಹುರಿಯನ್ನು ಒತ್ತುತ್ತವೆ. ನಿಧಾನದ ಒತ್ತಡವನ್ನು ಹುರಿ ಬಹಳ ತಾಳುತ್ತದೆ. ಬನಾರಸ್‌ನ ಎಸ್.ಎಂ. ತುಲಿ, ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕಿಲ್ಲ, ಮೊದಲು ಕ್ಷಯದ ಔಷಧಿ ಕೊಟ್ಟು ಕೆಲವು ವಾರ ನೋಡಿ, ಸುಧಾರಿಸದವರಿಗೆ ಮಾತ್ರ ಚಾಕು ಎಂಬ 'ಮಧ್ಯಮ ಮಾರ್ಗ'ವನ್ನು 1970ರ ದಶಕದಲ್ಲಿ ದಾಖಲಿಸಿದರು. ಆ ಮಾತ್ರೆ ಇಂದು ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಬಿ12 ಜೀವಸತ್ವದ ಕೊರತೆಯೂ ಹಾಗೆಯೇ: ಮುಖ ತೊಳೆಯಲು ಕಣ್ಣು ಮುಚ್ಚಿದರೆ ಓಲಾಡುವುದು, ಕತ್ತಲಲ್ಲಿ ಹೆಜ್ಜೆ ತಪ್ಪುವುದು ಇದರ ಗುರುತುಗಳು. ಬೇಗ ಗುರುತಿಸಿದರೆ ಕೆಲವು ಚುಚ್ಚುಮದ್ದಿನಲ್ಲಿ ನಡಿಗೆ ತಿರುಗಿ ಬರುತ್ತದೆ. ಲಕ್ಷಾಂತರ ರೂಪಾಯಿಯ ಸ್ಟೆಮ್ ಸೆಲ್ ಚುಚ್ಚುಮದ್ದಿನ ಜಾಹೀರಾತು ನಂಬಿ ಹೊಲ ಮಾರುವವರಿಗೆ ಮಾತ್ರ ಒಂದು ಮಾತು ಗೊತ್ತಿರಬೇಕು. ಐಸಿಎಂಆರ್‌ನ 2017ರ ಮಾರ್ಗಸೂಚಿಯ ಪ್ರಕಾರ, ರಕ್ತದ ಕೆಲವು ಕಾಯಿಲೆಗಳಿಗೆ ಒಪ್ಪಿಗೆ ಪಡೆದ ಕಸಿಯನ್ನು ಬಿಟ್ಟರೆ ಸ್ಟೆಮ್ ಸೆಲ್ ಬಳಕೆಯೆಲ್ಲ ಇನ್ನೂ ಸಂಶೋಧನೆಯೇ. ಸಂಶೋಧನೆಗೆ ಒಳಗಾಗುವವರಿಂದ ಹಣ ಕೀಳುವಂತಿಲ್ಲ.

ಇಷ್ಟೆಲ್ಲ ನಡಿಗೆಯ ಬೆನ್ನು ಹತ್ತಿದ ಮೇಲೆ ಕೊನೆಗೊಂದು ಸಮೀಕ್ಷೆಯನ್ನು ಹೇಳಲೇಬೇಕು. ಸ್ವತಃ ಹುರಿಗಾಯವಾಗಿರುವ ವಿಜ್ಞಾನಿ ಕಿಮ್ ಆಂಡರ್ಸನ್, ಅಂಥದೇ ಗಾಯದ 681 ಜನರನ್ನು ಕೇಳಿ 2004ರಲ್ಲಿ ಪ್ರಕಟಿಸಿದರು: ನಿಮಗೆ ಏನು ಮೊದಲು ಮರಳಿ ಬೇಕು? ಕೈಕಾಲು ನಾಲ್ಕೂ ಹೋದವರು ಕೈ ಎಂದರು. ಕಾಲು ಮಾತ್ರ ಹೋದವರಲ್ಲಿ ಮೊದಲ ಸ್ಥಾನ ಲೈಂಗಿಕ ಶಕ್ತಿಗೆ. ಮೂತ್ರ, ಮಲದ ಹಿಡಿತ ಎರಡೂ ಗುಂಪಿನ ಪಟ್ಟಿಯಲ್ಲಿ ಮೇಲಿತ್ತು. ನಡಿಗೆ ಬೇಡವೆಂದವರಿಲ್ಲ, ಆದರೆ ನೋಡುವವರಿಗೆ ಕಾಣುವುದು ಗಾಲಿಕುರ್ಚಿ; ಕೂತವರಿಗೆ ಕಾಡುವುದು ಕ್ಯಾತಿಟರ್. ಈ ಮಾತು ನಿಧಾನವಾಗಿ ಪ್ರಯೋಗಾಲಯಗಳಿಗೂ ಮುಟ್ಟಿದೆ. ಲೂಯಿವಿಲ್‌ನವರು ಅದೇ ಇಂಪ್ಲಾಂಟಿನಿಂದ ಕುಸಿಯುವ ರಕ್ತದೊತ್ತಡವನ್ನು ಹಿಡಿದು ನಿಲ್ಲಿಸುವ, ಮೂತ್ರಕೋಶವನ್ನು ಹತೋಟಿಗೆ ತರುವ ಪ್ರಯತ್ನದಲ್ಲಿದ್ದಾರೆ. ಲೊಸಾನ್ ತಂಡದಿಂದ ಹೊರಟ ಕಂಪನಿಯ ಸಾಧನಕ್ಕೆ 2024ರ ಡಿಸೆಂಬರಿನಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಸಿಕ್ಕಿತು. ಚಾಕು ಹಾಕದೆ, ಕುತ್ತಿಗೆಯ ಚರ್ಮದ ಮೇಲೆಯೇ ಎಲೆಕ್ಟ್ರೋಡು ಅಂಟಿಸುವ ಆ ಸಾಧನಕ್ಕೆ ಒಪ್ಪಿಗೆ ಸಿಕ್ಕಿದ್ದು ಕಾಲಿಗಲ್ಲ, ಕೈಯ ಬಲ ಮತ್ತು ಸ್ಪರ್ಶಕ್ಕೆ. ಅಲ್ಲೂ ತಾಲೀಮಿನ ಜೊತೆಯಲ್ಲಿ ಬಳಸಿದರೆ ಮಾತ್ರ.